ಗೊತ್ತಾಯ್ತಾ ಅಂದ್ರೆ ಹ್ಞೂಂ ಅಂತಿದ್ದ ಹುಡುಗ

ಇಲ್ಲಿ ಬರೆಯದೆ ತುಂಬಾ ದಿನವಾಯ್ತು. ಪ್ರತಿ ಸಲವೂ ಇದೇ ಮಾತಿಂದ ಶುರು ಮಾಡ್ತೀನಿ ಅಂತ ನನಗೂ ಗೊತ್ತು, ಬೈಕೋಬೇಡಿ :-)

ಮೊನ್ನೆ ನಮ್ಮ ಆಫೀಸಿನ ಹುಡುಗಿಯೊಬ್ಬಳು ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತಳು. ಎರಡು ತಿಂಗಳ ಹಿಂದಷ್ಟೇ ಲೀಡ್ ಆಗಿದ್ದಾಳೆ. ಡಬ್ಬಿ ತೆಗೆದಳು, ತಿನ್ನಲಿಲ್ಲ. "ಹೊಸದಾಗಿ ಬಂದಿದಾನಲ್ಲ ಆ ಹುಡುಗ, ಕೆಲಸಾನೇ ಮಾಡಲ್ಲ ನೋಡಿ. ಏನು ಹೇಳಿದ್ರೂ ತಲೆ ಆಡಿಸ್ತಾನೆ, ಸಂಜೆ ನೋಡಿದ್ರೆ ಏನೂ ಆಗಿರಲ್ಲ. ಪಾಪ, ಬೈಯೋಕೂ ಮನಸ್ಸು ಬರಲ್ಲ. ಅವನ ಕೆಲಸಾನೂ ನಾನೇ ರಾತ್ರಿ ಕೂತು ಮುಗಿಸ್ತಿದೀನಿ..."

ಆ ಕೊನೆಯ ಮಾತು ಕೇಳಿ ನನ್ನ ಕೈಲಿದ್ದ ಚಪಾತಿ ಹಾಗೇ ನಿಂತುಬಿಡ್ತು. ಹತ್ತು ವರ್ಷದ ಹಿಂದೆ ನಾನು ಆಡಿದ ಮಾತೇ ಅದು. ಅವಳಿಗೆ ಅಲ್ಲಿ ಸ್ವಲ್ಪ ಹೇಳಿದೆ. ಉಳಿದಿದ್ದನ್ನ ಇಲ್ಲಿ ಹೇಳ್ತೀನಿ. ಎಲ್ಲೂ ಹೇಳಿಕೊಂಡಿರಲಿಲ್ಲ ಇದನ್ನ.

ಏಳು ವರ್ಷ ತೆಪ್ಪಗೆ ಕೋಡ್ ಬರೆದುಕೊಂಡಿದ್ದ ನನ್ನನ್ನ ೨೦೧೫ರ ಜೂನಿನಲ್ಲಿ ಮ್ಯಾನೇಜರ್ ಮಾಡಿದರು. ನನ್ನಲ್ಲಿ ನಾಯಕತ್ವದ ಗುಣ ಕಂಡು ಅಂತೇನಲ್ಲ. ಇದ್ದ ಮ್ಯಾನೇಜರು ಅಮೆರಿಕಕ್ಕೆ ಹೊರಟರು, ಟೀಮಿನಲ್ಲಿ ಹಳಬಳು ನಾನೇ, ಅಷ್ಟೇ. ಅದಕ್ಕೊಂದು ದಿನದ ಟ್ರೈನಿಂಗೂ ಆಯ್ತು. ಬೆಳಿಗ್ಗೆ ಪವರ್‌ಪಾಯಿಂಟ್, ಮಧ್ಯಾಹ್ನ ಬಿಸಿಬೇಳೆಬಾತು, ಮತ್ತೆ ಪವರ್‌ಪಾಯಿಂಟ್. ಬಿಸಿಬೇಳೆಬಾತು ಚೆನ್ನಾಗಿತ್ತು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಮ್ಮ ಆಫೀಸು. ಒಂಬತ್ತು ಜನರ ಟೀಮು. ಅಮೆರಿಕದ ಒಂದು ವಿಮಾ ಕಂಪನಿಯ ಕ್ಲೇಮುಗಳನ್ನ ನೋಡಿಕೊಳ್ಳೋ ಸಾಫ್ಟ್‌ವೇರಿಗೆ ನಮ್ಮದು ಸಪೋರ್ಟ್. ಅಂದ್ರೆ ಯಾರದ್ದೋ ಕ್ಲೇಮು ಎರಡು ಸಲ ಪಾವತಿ ಆಗಿದೆ, ಇನ್ಯಾರದ್ದೋ ಮುಚ್ಚಬೇಕಾದ್ದು ಮುಚ್ಚಿಲ್ಲ... ಇಂಥದ್ದೆಲ್ಲ ಟಿಕೆಟ್ ಆಗಿ ಬರುತ್ತೆ. ಕಾರಣ ಹುಡುಕಬೇಕು, ಡೇಟಾ ಸರಿ ಮಾಡಬೇಕು, ಬರೆದಿಡಬೇಕು, ಟಿಕೆಟ್ ಮುಚ್ಚಬೇಕು. ಪಳಗಿದವರು ವಾರಕ್ಕೆ ಹತ್ತು ಹನ್ನೆರಡು ಮುಗಿಸ್ತಿದ್ದರು.

ಜುಲೈನಲ್ಲಿ ಹುಡುಗ ಬಂದ. ಹಾವೇರಿ ಕಡೆಯವನು. ಹೆಸರು ಬೇಡ, ಹುಡುಗ ಅಂತಲೇ ಇರಲಿ. ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಇಂಜಿನಿಯರಿಂಗ್ ಮುಗಿಸಿ, ಬೊಮ್ಮನಹಳ್ಳಿಯ ಪಿಜಿಯೊಂದರಲ್ಲಿ ಇದ್ದ. ಬಂದ ದಿನ ನನ್ನನ್ನ "ಮೇಡಂ" ಅಂದ. ಇಲ್ಲಿ ಹಾಗೆಲ್ಲ ಕರೆಯಲ್ಲ ಮಾರಾಯ, ಹೆಸರು ಹಿಡಿದೇ ಕರಿ ಅಂದೆ. ದೊಡ್ಡ ಮನಸ್ಸಿನ ಮ್ಯಾನೇಜರ್ ನಾನು ಅಂತ ಒಳಗೊಳಗೇ ಖುಷಿ. ಅವನಿಗೆ ಹೆಸರು ಹಿಡಿಯೋಕೆ ಬಾಯಿ ಬರಲಿಲ್ಲ, ಮೇಡಂ ಅನ್ನೋ ಹಾಗಿಲ್ಲ. ಆಮೇಲೆ ಅವನು ನನ್ನನ್ನ ಏನಂತಲೂ ಕರೀತಿರಲಿಲ್ಲ. ಕೇಳೋದಿದ್ರೆ ನನ್ನ ಕುರ್ಚಿಯ ಹಿಂದೆ ಬಂದು ನಿಲ್ಲೋನು. ನಾನು ತಿರುಗಿ ನೋಡಿದ್ರೆ ಉಂಟು, ಇಲ್ಲದಿದ್ರೆ ಹಾಗೇ ವಾಪಸ್ ಹೋಗೋನು. ಎಷ್ಟು ಸಲ ವಾಪಸ್ ಹೋಗಿದ್ನೋ ಈಗ ಲೆಕ್ಕ ಹಾಕಿದ್ರೆ ಸಂಕಟ ಆಗುತ್ತೆ.

ಒಂದು ತಿಂಗಳು ಟ್ರೈನಿಂಗ್ ಆಯ್ತು, ಆಗಸ್ಟಿಂದ ಟಿಕೆಟ್ ಕೊಟ್ಟೆ. ವಾರಕ್ಕೆ ಎರಡೋ ಮೂರೋ ಮುಗಿಸ್ತಿದ್ದ. ಹೊಸಬ, ಇರಲಿ ಅಂದುಕೊಂಡೆ. ಸೆಪ್ಟೆಂಬರ್ ಆಯ್ತು, ಎರಡೋ ಮೂರೋ. ಅಕ್ಟೋಬರ್ ಆಯ್ತು, ಎರಡೋ ಮೂರೋ. ಮಾಡಿದ್ದರಲ್ಲೂ ತಪ್ಪು. ಅವನ ಡೆಸ್ಕಿಗೆ ಹೋಗಿ ಇಂಗ್ಲಿಷಿನಲ್ಲಿ ಪಟಪಟ ಅಂತ ಹತ್ತು ನಿಮಿಷ ವಿವರಿಸಿ, ಗೊತ್ತಾಯ್ತಾ ಅಂತಿದ್ದೆ. "ಹ್ಞೂಂ" ಅಂತಿದ್ದ. ನನ್ನ ಕರ್ತವ್ಯ ಮುಗೀತು.

ಸಂಜೆ ನೋಡಿದ್ರೆ ಅಲ್ಲೇ ಇರೋದು. ಆಗ ನಾನು ಮಾಡ್ತಿದ್ದದ್ದೇನು ಗೊತ್ತಾ? "ಇರಲಿ, ನೀನು ಹೊರಡು, ನಾನು ನೋಡ್ತೀನಿ" ಅನ್ನೋದು. ಅವನ ಟಿಕೆಟ್ ನನ್ನ ಹೆಸರಿಗೆ ತಗೊಂಡು ಅರ್ಧ ಗಂಟೆಯಲ್ಲಿ ಮುಗಿಸೋದು. ನನಗದು ಸುಲಭ, ಏಳು ವರ್ಷ ಮಾಡಿದ ಕೆಲಸ. ಕೂರಿಸಿಕೊಂಡು "ನಿನ್ನ ಕೆಲಸ ಸಾಲದು" ಅನ್ನೋದಿತ್ತಲ್ಲ, ಅದು ಬರ್ತಿರಲಿಲ್ಲ. ನಾನೇ ಮಾಡಲಾಗದ್ದನ್ನ ಇನ್ನೊಂದೆರಡು ಟಿಕೆಟ್ಟು ಪಕ್ಕದ ಜೊತೆಗಾತಿಗೆ ದಾಟಿಸ್ತಿದ್ದೆ. ಐದು ವರ್ಷದಿಂದ ಒಟ್ಟಿಗಿದ್ದವಳು, ಇಲ್ಲ ಅಂತಿರಲಿಲ್ಲ. ಕ್ಯಾಬಿನಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ತೂಕಡಿಸುತ್ತಾ "ಎಷ್ಟು ಒಳ್ಳೆ ಮ್ಯಾನೇಜರ್ ನಾನು, ಆ ಹುಡುಗನ್ನ ಒಂದು ಮಾತು ಬೈದಿಲ್ಲ" ಅಂದುಕೊಳ್ತಿದ್ದೆ. ದೇವರಾಣೆ, ಹಾಗೇ ಅಂದುಕೊಳ್ತಿದ್ದೆ.

ನವೆಂಬರ್ ಮೊದಲ ವಾರ ಆಗಿದ್ದು ಇದು. ಟೆಸ್ಟ್ ಡೇಟಾಬೇಸಿನಲ್ಲಿ ೪೩ ಕ್ಲೇಮುಗಳ ಸ್ಟೇಟಸ್ ಬದಲಾಯಿಸೋ ಕೆಲಸ ಅವನಿಗೆ ಕೊಟ್ಟಿದ್ದೆ. ಸಣ್ಣ ಅಪ್‌ಡೇಟ್ ಕ್ವೆರಿ. ಎಸ್‌ಕ್ಯೂಎಲ್ ಗೊತ್ತಿರೋರಿಗೆ ಮುಂದಿನದು ಹೇಳಬೇಕಾಗಿಲ್ಲ... ವೇರ್ ಅಂತ ಒಂದು ಸಾಲು ಬರೀಬೇಕು, ಯಾವ ಯಾವ ಕ್ಲೇಮುಗಳು ಅಂತ ಹೇಳೋಕೆ. ಅದನ್ನ ಬಿಟ್ಟು ಓಡಿಸಿದ್ದ. ೪೩ ಸಾಲು ಬದಲಾಗಬೇಕಾದಲ್ಲಿ ಇಡೀ ಟೇಬಲ್ಲು ಬದಲಾಯ್ತು.

ಇದು ಯಾರಿಂದಲಾದ್ರೂ ಆಗುತ್ತೆ. ನಾನೂ ಒಮ್ಮೆ ಮಾಡಿದ್ದೆ. ಟೆಸ್ಟ್ ಡೇಟಾ ತಾನೆ, ಹಿಂದಿನ ರಾತ್ರಿಯ ಬ್ಯಾಕಪ್ ಇರುತ್ತೆ, ವಾಪಸ್ ಹಾಕಿದ್ರೆ ಆಯ್ತು. ಆದ್ರೆ ಅವನು ಓಡಿಸಿದ್ದು ಸಂಜೆ ನಾಲ್ಕಕ್ಕೆ, ನನಗೆ ಗೊತ್ತಾಗಿದ್ದು ರಾತ್ರಿ ಒಂಬತ್ತೂವರೆಗೆ, ಅದೂ ಕ್ಲೈಂಟಿನ ಫೋನಿನಿಂದ. ಅವರಿಗೆ ಆಗ ಬೆಳಗಿನ ಹನ್ನೊಂದು. ಅವರ ಟೆಸ್ಟರುಗಳು ಎರಡು ಗಂಟೆ ತಲೆ ಕೆರೆದುಕೊಂಡ ಮೇಲೆ ವಿಷಯ ಹೊರಬಿದ್ದಿತ್ತು. ನಾನು, ಡೇಟಾಬೇಸಿನವರು ಸೇರಿ ಎಲ್ಲ ಸರಿ ಮಾಡೋ ಹೊತ್ತಿಗೆ ಬೆಳಗಿನ ಜಾವ ಮೂರು. ಅವರ ಒಂದು ದಿನ ಪೂರ್ತಿ ಹಾಳು.

ಮರುದಿನ ಹುಡುಗನನ್ನ ಮೀಟಿಂಗ್ ರೂಮಿಗೆ ಕರೆದೆ. ನಿದ್ದೆ ಇರಲಿಲ್ಲ, ಸಿಟ್ಟಿತ್ತು. ಮೊದಲ ಸಲ ಅವನ ಜೊತೆ ಪೂರ್ತಿ ಕನ್ನಡದಲ್ಲಿ ಮಾತಾಡಿದ್ದೂ ಆವತ್ತೇ. ಸಿಟ್ಟು ಬಂದಾಗ ಇಂಗ್ಲಿಷ್ ಎಲ್ಲಿ ಬರುತ್ತೆ ನಮಗೆ!

"ಆಗಲೇ ಗೊತ್ತಾಗಿತ್ತಾ ನಿನಗೆ?"

"ಗೊತ್ತಾಗಿತ್ರಿ. ಎಷ್ಟು ಸಾಲು ಅಂತ ಕೆಳಗ ಬಂತಲ್ರಿ."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನೇನು ಬೈತೀನಾ?"

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಮೇಜು ನೋಡಿಕೊಂಡೇ ಹೇಳಿದ. "ಬೈಯೂದಿಲ್ರಿ ನೀವು. ನೀವ ತಗೊಂಡು ಮಾಡಿಬಿಡ್ತೀರಿ. ಇದನ್ನರ ನಾನ ಸರಿ ಮಾಡೂಣು ಅಂತ ನೋಡಾಕತ್ತಿದ್ದೆ. ಆಗಲಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಸರಿ ಹೋಗು ಅಂದೆ.

ಅದರ ಮುಂದಿನ ವಾರ ದೀಪಾವಳಿ. ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋದೆ. ಅಮ್ಮ ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಆಗಿದ್ದವಳು. ರಾತ್ರಿ ದೋಸೆ ಹಿಟ್ಟು ರುಬ್ಬುತ್ತಾ ಕೂತಿದ್ದಾಗ ಇದನ್ನೆಲ್ಲ ಹೇಳಿದೆ. ಹುಡುಗನ ತಪ್ಪನ್ನೇ ಜಾಸ್ತಿ ಹೇಳಿದೆ ಅನ್ನಿ.

"ಗೊತ್ತಾಯ್ತಾ ಅಂತ ಕೇಳ್ತೀಯಾ?" ಅಂದಳು.

"ಪ್ರತಿ ಸಲ ಕೇಳ್ತೀನಿ. ಹ್ಞೂಂ ಅಂತಾನೆ."

"ಇನ್ನೆಂತ ಅಂತಾನೆ ಮತ್ತೆ? ಒಂದನೇ ಕ್ಲಾಸಿನ ಮಕ್ಕಳೂ ಹ್ಞೂಂ ಅಂತಾವೆ. ಗೊತ್ತಾಯ್ತಾ ಅಂತ ಕೇಳೋದಲ್ಲ ಮಾರಾಯ್ತಿ, ಹೇಳಿದ್ದನ್ನ ಅವನ ಬಾಯಲ್ಲಿ ವಾಪಸ್ ಹೇಳಿಸ್ಬೇಕು. ಬಳಪ ಅವನ ಕೈಲಿ ಇರ್ಬೇಕು."

ಬೆಂಗಳೂರಿಗೆ ಬಂದ ಮೇಲೆ ಒಂದಿಷ್ಟು ಓದಿದೆ. ಟ್ರೈನಿಂಗಿನಲ್ಲಿ ಯಾರೂ ಹೇಳದಿದ್ದ ಎರಡು ವಿಷಯ ಸಿಕ್ಕವು. ಇಂಟೆಲ್ ಕಂಪನಿಯ ಆಂಡಿ ಗ್ರೋವ್ ೧೯೮೩ರಲ್ಲಿ ಬರೆದ 'ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್' ಅನ್ನೋ ಪುಸ್ತಕದಲ್ಲಿ ಒಂದು ಮಾತಿದೆ. ಒಬ್ಬನನ್ನ ಎಷ್ಟು ಬಿಗಿಯಾಗಿ ಹಿಡಿಯಬೇಕು, ಎಷ್ಟು ಬಿಡಬೇಕು ಅನ್ನೋದು ಅವನ ಸ್ವಭಾವದ ಮೇಲಲ್ಲ, ಆ ನಿರ್ದಿಷ್ಟ ಕೆಲಸದಲ್ಲಿ ಅವನು ಎಷ್ಟು ಪಳಗಿದ್ದಾನೆ ಅನ್ನೋದರ ಮೇಲೆ ನಿಂತಿದೆಯಂತೆ. ಹೊಸಬನಿಗೆ ಏನು, ಹೇಗೆ, ಯಾವಾಗ ಅಂತ ಬಿಡಿಸಿ ಹೇಳಬೇಕು. ಪಳಗಿದ ಮೇಲೆ ದೂರ ಸರೀಬೇಕು. ನಾನು ಉಲ್ಟಾ ಮಾಡಿದ್ದೆ. ಶುರುವಿನಲ್ಲಿ ಬಿಟ್ಟೆ, ಆಮೇಲೆ ಕಿತ್ತುಕೊಂಡೆ.

ಇನ್ನೊಂದು, ೧೯೯೮ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಮಾನ್ಜೋನಿ ಮತ್ತು ಬಾರ್ಸೂ ಅನ್ನೋ ಇಬ್ಬರ ಲೇಖನ. ಬಾಸಿಗೆ ಒಬ್ಬನ ಮೇಲೆ ನಂಬಿಕೆ ಸ್ವಲ್ಪ ಕಮ್ಮಿಯಾದ್ರೆ ಅವನ ಕೆಲಸದಲ್ಲಿ ಮೂಗು ತೂರಿಸ್ತಾನೆ, ಸುಲಭದ ಕೆಲಸಗಳನ್ನೇ ಕೊಡ್ತಾನೆ. ಇದು ಅವನಿಗೆ ಗೊತ್ತಾಗುತ್ತೆ. ಧೈರ್ಯ ಕುಂದುತ್ತೆ, ಕೇಳೋದು ಬಿಡ್ತಾನೆ, ಕೆಲಸ ಇನ್ನೂ ಕೆಡುತ್ತೆ. ನೋಡಿದ್ಯಾ, ನಾನು ಅಂದುಕೊಂಡಂಗೇ ಆಯ್ತು ಅಂತ ಬಾಸ್ ಅಂದುಕೊಳ್ತಾನೆ. ಓದ್ತಾ ಓದ್ತಾ ಯಾರೋ ನನ್ನ ಕ್ಯೂಬಿಕಲ್ಲಿನ ಮೇಲೆ ಕ್ಯಾಮೆರಾ ಇಟ್ಟಿದ್ರಾ ಅನ್ನಿಸ್ತು.

ಹುಡುಗನನ್ನ ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. ಆರು ತಿಂಗಳ ಪ್ರೊಬೇಶನ್ ಜನವರಿಗೆ ಮುಗಿಯುತ್ತೆ, ಈಗಿರೋ ಹಾಗಿದ್ರೆ ಕನ್ಫರ್ಮ್ ಆಗಲ್ಲ, ಇದನ್ನ ಮೂರು ತಿಂಗಳ ಹಿಂದೆಯೇ ನಾನು ಹೇಳಬೇಕಿತ್ತು ಅಂತ. ಅವನ ಮುಖ ಬಿಳಿಚಿಕೊಳ್ತು. ಅವನಿಗೆ ನಿಜವಾಗ್ಲೂ ಗೊತ್ತಿರಲಿಲ್ಲ! ನಾನು ಬೈದಿರಲಿಲ್ಲವಲ್ಲ, ಎಲ್ಲ ಸರಿಯಿದೆ ಅಂದುಕೊಂಡಿದ್ದ.

ಎಂಟು ವಾರಕ್ಕೆ ಮೂರು ನಿಯಮ ಬರೆದುಕೊಂಡ್ವಿ. ಒಂದು, ಟಿಕೆಟ್ ಮುಟ್ಟೋ ಮುಂಚೆ ಅದೇನು ಅಂತ ಬೋರ್ಡಿನ ಮೇಲೆ ಬರೆದು ಅವನು ನನಗೆ ವಿವರಿಸಬೇಕು, ಬೇಕಾದ್ರೆ ಕನ್ನಡದಲ್ಲಿ. ಎರಡು, ಅರ್ಧ ಗಂಟೆ ಒಂದೇ ಕಡೆ ಸಿಕ್ಕಿಕೊಂಡ್ರೆ ಎದ್ದು ಬಂದು ಕೇಳಬೇಕು. ಮೂರು, ಯಾವ ಅಪ್‌ಡೇಟ್ ಓಡಿಸೋ ಮುಂಚೆಯೂ ಅದೇ ವೇರ್ ಸಾಲು ಹಾಕಿ ಸೆಲೆಕ್ಟ್ ಓಡಿಸಿ, ಎಷ್ಟು ಸಾಲು ಬರುತ್ತೆ ಅಂತ ಎಣಿಸಿ ನೋಡಬೇಕು. ನನಗೂ ಒಂದು ನಿಯಮ ಇತ್ತು. ಅವನ ಟಿಕೆಟ್ ನಾನು ಮುಟ್ಟೋ ಹಾಗಿಲ್ಲ. ಮೇಡಂ ಅಂತ ಕರೀತೀನಿ ಅಂದ್ರೆ ಕರಿ ಅಂದೆ. ಅದೊಂದಕ್ಕೆ ಸ್ವಲ್ಪ ನಕ್ಕ.

ದಿನಾ ಬೆಳಿಗ್ಗೆ ಹದಿನೈದು ನಿಮಿಷ ಮಾರ್ಕರ್ ಅವನ ಕೈಲಿ. ಮೊದಲ ವಾರದಲ್ಲೇ ನನಗೆ ಆಘಾತ. ಮುಖ್ಯವಾದ ಎರಡು ಟೇಬಲ್ಲುಗಳ ಸಂಬಂಧವೇ ಅವನಿಗೆ ತಿಳಿದಿರಲಿಲ್ಲ. ಮೂರು ತಿಂಗಳು ಕತ್ತಲಲ್ಲಿ ತಡಕಾಡಿದ್ದ, ನಾನು ಗೊತ್ತಾಯ್ತಾ ಅಂತಿದ್ದೆ. ಆಮೇಲೆ ಮೆಲ್ಲಗೆ ದಾರಿಗೆ ಬಂದ. ವಾರಕ್ಕೆ ನಾಲ್ಕಾಯ್ತು, ಐದಾಯ್ತು, ಜನವರಿ ಹೊತ್ತಿಗೆ ಆರು. ತಪ್ಪು ಕಮ್ಮಿಯಾಯ್ತು. ಮುಚ್ಚಿಡೋದು ಪೂರ್ತಿ ನಿಂತಿತು.

ಇಲ್ಲಿಗೆ ಕಥೆ ಮುಗಿದಿದ್ರೆ ಚೆನ್ನಾಗಿರ್ತಿತ್ತು.

ಆರಕ್ಕೆ ನನ್ನ ಮೇಲಿನವರು ಒಪ್ಪಬೇಕಲ್ಲ? ಅವರಿಗೆ ಹತ್ತು ಬೇಕು. ಆದ್ರೂ ಅವರು ಹೇಳಿದ ಮಾತು ಕೇಳಿ ಬೆಚ್ಚಿದೆ. "ಕನ್ಫರ್ಮ್ ಮಾಡಿಬಿಡು. ಏಪ್ರಿಲ್‌ನಲ್ಲಿ ಅಪ್ರೈಸಲ್ ಬರುತ್ತೆ, ಕೆಳಗಿನ ಬಾಕ್ಸಿಗೆ ಟೀಮಿಂದ ಒಬ್ಬರ ಹೆಸರು ಕೊಡಲೇಬೇಕು. ಇವನಿದ್ರೆ ಉಳಿದವರು ಬಚಾವ್." ಬೆಲ್ ಕರ್ವ್ ಅಂತ ಕೇಳಿರ್ತೀರಲ್ಲ, ಅದು. ಎಷ್ಟೇ ಚೆನ್ನಾಗಿ ಮಾಡಿದ್ರೂ ಇಷ್ಟು ಜನ ಕೆಳಗೆ ಇರಲೇಬೇಕು ಅನ್ನೋ ಲೆಕ್ಕ. ಮೈಕ್ರೋಸಾಫ್ಟ್ ಅಂಥಾ ಪದ್ಧತಿಯನ್ನ ೨೦೧೩ರ ನವೆಂಬರಿನಲ್ಲೇ ಕೈಬಿಟ್ಟಿತ್ತು. ನಮ್ಮಲ್ಲಿ ೨೦೧೬ರಲ್ಲೂ ಭರ್ಜರಿಯಾಗಿತ್ತು.

ನಿಜ ಹೇಳ್ತೀನಿ, ಒಂದು ರಾತ್ರಿ ಪೂರ್ತಿ ಅದನ್ನ ಯೋಚಿಸಿದೆ. ಎಷ್ಟು ಅನುಕೂಲ! ಹುಡುಗನಿಗೆ ಕೆಲಸ ಉಳಿಯುತ್ತೆ, ಟೀಮಿನವರಿಗೆ ಒಳ್ಳೆ ರೇಟಿಂಗ್ ಸಿಗುತ್ತೆ, ನನಗೆ ಕಷ್ಟದ ಮಾತು ತಪ್ಪುತ್ತೆ. ವರ್ಷಾ ವರ್ಷಾ ಒಬ್ಬನನ್ನ ಕೆಳಗೆ ಹಾಕೋಕೆ ಅಂತಲೇ ಸಾಕಿಕೊಳ್ಳೋದು. ಬೆಳಿಗ್ಗೆ ಎದ್ದು, ಆಗಲ್ಲ ಅಂದೆ. ಪ್ರೊಬೇಶನ್ ಮೂರು ತಿಂಗಳು ಮುಂದಕ್ಕೆ ಹಾಕಿಸಿದೆ. ಏಪ್ರಿಲ್ಲಿಗೆ ಹತ್ತು ಆಗದಿದ್ರೂ ಎಂಟೊಂಬತ್ತಾದ್ರೂ ಆದ್ರೆ ಜಗಳ ಮಾಡಿ ಉಳಿಸ್ಕೋತೀನಿ ಅಂದುಕೊಂಡೆ.

ಫೆಬ್ರವರಿಯಲ್ಲಿ ನನ್ನ ಜೊತೆಗಾತಿ ರಾಜೀನಾಮೆ ಕೊಟ್ಟಳು.

ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ಕೂತು, ಯಾಕೆ ಹೋಗ್ತಿದ್ಯಾ, ದುಡ್ಡಾ ಅಂದೆ. ಅವಳು ಮೆಲ್ಲಗೇ ಹೇಳಿದಳು. "ದುಡ್ಡೂ ಇದೆ. ಆದ್ರೆ ಆಗಸ್ಟಿಂದ ಅವನ ಟಿಕೆಟ್ ನನ್ನ ತಲೆ ಮೇಲೆ ಬಂದ್ವು. ನವೆಂಬರಿಂದ ನೀನು ದಿನಾ ಹದಿನೈದು ನಿಮಿಷ ಅವನ ಜೊತೆ ಕೂರ್ತೀಯ. ಅದೇನೂ ತಪ್ಪಲ್ಲ. ಆದ್ರೆ ನನ್ನ ಜೊತೆ ಒಂದು ದಿನ ಕೂತು, ಹೇಗಿದ್ಯಾ, ಜಾಸ್ತಿ ಆಯ್ತಾ ಅಂತ ಕೇಳಿದ್ಯಾ ನೀನು?"

ಕೇಳಿರಲಿಲ್ಲ. ಚೆನ್ನಾಗಿ ಕೆಲಸ ಮಾಡೋರನ್ನ ಏನು ಕೇಳೋದು ಅಂದುಕೊಂಡಿದ್ದೆ. ಒಬ್ಬನನ್ನ ಉಳಿಸಿಕೊಳ್ಳೋ ಗಡಿಬಿಡಿಯಲ್ಲಿ ಇನ್ನೊಬ್ಬಳನ್ನ ಕಳಕೊಂಡೆ.

ಮಾರ್ಚ್ ಕೊನೆಗೆ ಹುಡುಗ ವಾರಕ್ಕೆ ಏಳು ಮುಗಿಸ್ತಿದ್ದ. ಅಲ್ಲಿಂದ ಮೇಲೆ ಏರಲೇ ಇಲ್ಲ. ಹಳಬಳು ಹೋದ ಮೇಲೆ ಎಲ್ಲರ ಮೇಲೂ ಹೊರೆ ಬಿದ್ದಿತ್ತು. ಅವನು ಏಳೇ ಮಾಡಿದ್ರೆ ಉಳಿದ ಮೂರು ಯಾರದ್ದೋ ರಾತ್ರಿಗೆ ಹೋಗುತ್ತೆ. ಈ ಸಲ ಆ ಯಾರದ್ದೋ ಮುಖ ನನಗೆ ಕಾಣ್ತಿತ್ತು. ರಿಪೋರ್ಟಿನಲ್ಲಿ ಕನ್ಫರ್ಮ್ ಮಾಡಬೇಡಿ ಅಂತ ಬರೆದೆ. ಬರೆದು, ಕಳಿಸೋ ಬಟನ್ ಒತ್ತೋಕೆ ಮಧ್ಯಾಹ್ನದಿಂದ ಸಂಜೆ ಆಯ್ತು.

ಎಚ್ಚಾರ್‌ನವರು ನಾವು ಹೇಳ್ತೀವಿ ಅಂದ್ರು. ಬೇಡ, ಮೊದಲು ನಾನೇ ಹೇಳ್ತೀನಿ ಅಂದೆ. ಅದೇ ಮೀಟಿಂಗ್ ರೂಮು. ಸುತ್ತಿ ಬಳಸಿ ಹೇಳಲಿಲ್ಲ. ಅವನು ಅಳಲಿಲ್ಲ, ವಾದ ಮಾಡಲಿಲ್ಲ. ಎದ್ದು ಬಾಗಿಲ ಹತ್ತಿರ ಹೋದವನು ನಿಂತು ಒಂದೇ ಮಾತು ಕೇಳಿದ.

"ಇದನ್ನ ಮೊದಲ್ನೇ ತಿಂಗಳದಾಗ ಹಿಂಗ ಕುಂದ್ರಿಸಿ ಹೇಳಿದ್ರ ಕಲೀತಿದ್ನೇನೋ, ಅಲ್ರಿ ಮೇಡಂ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗ್ಲೂ ತಿಳಿದುಕೊಳ್ಳೋಕೆ ಕೇಳಿದ ಹಾಗಿತ್ತು. "ಇರಬಹುದು" ಅಂದೆ. ಅದಕ್ಕಿಂತ ಒಳ್ಳೆ ಉತ್ತರ ಈ ಹತ್ತು ವರ್ಷದಲ್ಲಿ ನನಗೆ ಸಿಕ್ಕಿಲ್ಲ.

ಇನ್ನೊಂದಿದೆ. ಅವನು ಹೋಗಿ ಎರಡು ತಿಂಗಳಾದ ಮೇಲೆ ಟೀಮಿಗೆ ಹೊಸಬಳೊಬ್ಬಳು ಬಂದಳು. ಎಲ್ಲಿಂದ ಶುರು ಮಾಡ್ಲಿ ಅಂದಾಗ ಪಕ್ಕದ ಹುಡುಗ ಒಂದು ಫೈಲು ತೆಗೆದುಕೊಟ್ಟ. ಯಾವ ಥರದ ಟಿಕೆಟ್ ಬಂದ್ರೆ ಯಾವ ಟೇಬಲ್ ನೋಡಬೇಕು, ಏನನ್ನ ಎಣಿಸಬೇಕು, ಎಲ್ಲಿ ಎಡವುತ್ತೀವಿ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದಿತ್ತು. ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳು. ಮೂವತ್ತು ಪುಟ. ಯಾರು ಬರೆದಿದ್ದು ಅಂದೆ. ಹಾವೇರಿ ಹುಡುಗ ಬರೆದಿದ್ದು. ಬೆಳಗಿನ ಹದಿನೈದು ನಿಮಿಷದಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ದಿನಾ ಟೈಪ್ ಮಾಡಿ ಇಟ್ಟಿದ್ದ. ಟೀಮಿನವರೆಲ್ಲ ಅದನ್ನ ನೋಡ್ತಿದ್ದರು. ನನಗೊಬ್ಬಳಿಗೇ ಗೊತ್ತಿರಲಿಲ್ಲ. ನಾನು ಟಿಕೆಟ್ ಎಣಿಸ್ತಾ ಕೂತಿದ್ದೆ. ಬರೆಯೋ ಕೆಲಸ ಮಾಡೋರದ್ದೇ ಒಂದು ಟೀಮು ಎರಡು ಮಹಡಿ ಕೆಳಗೆ ಇತ್ತು.

ನಾನು ಆ ಪ್ರಾಜೆಕ್ಟ್ ಬಿಡೋವರೆಗೂ, ಅಂದ್ರೆ ೨೦೧೯ರವರೆಗೂ, ಹೊಸಬರಿಗೆ ಮೊದಲು ಕೊಡ್ತಿದ್ದದ್ದು ಅದೇ ಫೈಲು. ಮಧ್ಯೆ ಒಮ್ಮೆ ಅವನ ಮೆಸೇಜು ಬಂದಿತ್ತು, ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಪ್ರಯತ್ನಿಸ್ತಿದ್ದ, ರೆಫರೆನ್ಸಿಗೆ ನನ್ನ ಹೆಸರು ಕೊಡಬಹುದಾ ಅಂತ. ಅವರು ಫೋನ್ ಮಾಡಿದಾಗ ಆ ಮೂವತ್ತು ಪುಟದ ಬಗ್ಗೆ ಹೇಳಿದೆ. ಸಿಕ್ಕಿತು ಅಂತ ಆಮೇಲೆ ಒಂದು ಸಾಲು ಬರೆದ. "ಮೇಡಂ" ಅಂತಲೇ ಶುರು ಮಾಡಿದ್ದ.

ಮೊನ್ನೆ ಆ ಹುಡುಗಿ ಕೇಳಿದಳು, "ಹಾಗಾದ್ರೆ ನಾನೇನು ಮಾಡ್ಲಿ?"

"ಇವತ್ತೇ ಮಾತಾಡು" ಅಂದೆ. "ಅವನ ಕೆಲಸ ನೀನು ಮಾಡಬೇಡ. ಅವನ ಪಾಲು ಇನ್ಯಾರ ಮೇಲೆ ಬೀಳ್ತಿದೆ ನೋಡು, ಅವರ ಜೊತೆಗೂ ಒಂದು ಸಲ ಕೂರು."

"ಬೇಜಾರು ಮಾಡ್ಕೊಂಡ್ರೆ?"

"ಮಾಡ್ಕೋತಾನೆ."

ಸಂಜೆ ಹೊರಡುವಾಗ ನೋಡಿದೆ, ಗಾಜಿನ ರೂಮಿನಲ್ಲಿ ಇಬ್ಬರೂ ಇದ್ದರು. ಅವಳು ಬೋರ್ಡಿನ ಮುಂದೆ ನಿಂತು ಏನೋ ಜೋರಾಗಿ ವಿವರಿಸ್ತಿದ್ದಳು, ಹುಡುಗ ತಲೆ ಆಡಿಸ್ತಿದ್ದ. ಬಾಗಿಲು ಸ್ವಲ್ಪ ತೆಗೆದು "ಮಾರ್ಕರ್ ಅವನಿಗೆ ಕೊಡು" ಅಂತ ಹೇಳಿ ಲಿಫ್ಟಿನ ಕಡೆ ನಡೆದೆ.